ಒಂದು ತಂಡ, ಇಬ್ಬರು ಕೋಚ್: ವಾಲಬೀಸ್ ಅಭಿಮಾನಿಗಳ ತಳಮಳ ಯಾಕೆ?

ಆಸ್ಟ್ರೇಲಿಯಾದ ರಾಷ್ಟ್ರೀಯ ರಗ್ಬಿ ತಂಡಕ್ಕೆ ವಾಲಬೀಸ್ ಅಂತ ಹೆಸರು. ಅದರ ಮುಂದಿನ ಮುಖ್ಯ ಕೋಚ್ ಲೆಸ್ ಕಿಸ್ ಎಂದು 2025ರ ಏಪ್ರಿಲ್ ಕೊನೆಯಲ್ಲೇ ಪ್ರಕಟವಾಯಿತು. ಆದರೆ ಅವರು ಕೆಲಸಕ್ಕೆ ಬರುವುದು 2026ರ ನಡುವಿನಲ್ಲಿ. ಅಲ್ಲಿಯವರೆಗೆ ಜೋ ಶ್ಮಿಟ್ ಅವರೇ ಕೋಚ್. ಒಬ್ಬರು ಹೊರಡುವವರು, ಇನ್ನೊಬ್ಬರು ಬರಬೇಕಾದವರು. ಇಬ್ಬರ ಹೆಸರೂ ಒಟ್ಟೊಟ್ಟಿಗೆ ಸುದ್ದಿಯಲ್ಲಿರುತ್ತದೆ. ತಂಡ ಗೆದ್ದಾಗ "ಶ್ಮಿಟ್ ಯಾಕೆ ಹೋಗಬೇಕು?" ಅನ್ನುವ ಅಭಿಮಾನಿಗಳೇ, ಸೋತಾಗ "ಕಿಸ್ ಯಾಕೆ ಇನ್ನೂ ಬಂದಿಲ್ಲ?" ಅನ್ನುತ್ತಾರೆ.

ಇದರ ಜೊತೆಗೆ ಇನ್ನೂ ಒಂದು ಗೊಂದಲ ಇದೆ. ವಾಲಬೀಸ್ ಆಡುವುದು ರಗ್ಬಿ ಯೂನಿಯನ್. ಕಿಸ್ ಆಟಗಾರರಾಗಿ ಹೆಸರು ಮಾಡಿದ್ದು ಈ ಆಟದಲ್ಲೇ ಅಲ್ಲ. ಅದರ ದಾಯಾದಿಯಂಥ ರಗ್ಬಿ ಲೀಗ್‌ನಲ್ಲಿ. ಹಾಗಾದರೆ 2027ರಲ್ಲಿ ಸ್ವಂತ ನೆಲದಲ್ಲಿ ವಿಶ್ವಕಪ್ ಆಡಬೇಕಾದ ತಂಡವನ್ನು ಇವರ ಕೈಗೆ ಕೊಟ್ಟಿದ್ದು ಯಾಕೆ?

ಇದನ್ನು ಅರ್ಥ ಮಾಡಿಕೊಳ್ಳಲು ಕಿಸ್ ಅವರಿಂದ ಶುರು ಮಾಡಿದರೆ ಪ್ರಯೋಜನವಿಲ್ಲ. 2023ರಿಂದ ಶುರು ಮಾಡಬೇಕು.

2023ರ ಪೆಟ್ಟು

ರಗ್ಬಿ ಕೋಚ್ ಅಂದರೆ ಕ್ರಿಕೆಟ್ ಕೋಚ್ ಥರ ಅಲ್ಲ. ಕ್ರಿಕೆಟ್‌ನಲ್ಲಿ ಅಂಗಳಕ್ಕೆ ಇಳಿದ ಮೇಲೆ ಕ್ಯಾಪ್ಟನ್‌ದೇ ಮಾತು. ರಗ್ಬಿಯಲ್ಲಿ ತಂಡ ಆರಿಸುವುದು, ಯಾವ ಥರ ಆಡಬೇಕೆಂದು ತೀರ್ಮಾನಿಸುವುದು, ಪಂದ್ಯದ ನಡುವೆ ಯಾರನ್ನು ಹೊರಗೆ ಕರೆಸಿ ಯಾರನ್ನು ಒಳಗೆ ಕಳಿಸಬೇಕೆಂದು ಹೇಳುವುದು, ಎಲ್ಲವೂ ಬಹುಪಾಲು ಕೋಚ್ ಕೈಯಲ್ಲೇ. ಸೋತರೆ ಬೈಗುಳವೂ ಅವರಿಗೇ. ಹಾಗಾಗಿ ಕೋಚ್ ಬದಲಾದರೆ ತಂಡದ ಭಾಷೆಯೇ ಬದಲಾದಂತೆ.

2023ರ ಜನವರಿಯಲ್ಲಿ ಆಸ್ಟ್ರೇಲಿಯಾ ಅಂಥ ಒಂದು ಬದಲಾವಣೆ ಮಾಡಿತು. ಡೇವ್ ರೆನಿ ಅವರನ್ನು ಕೈಬಿಟ್ಟು ಎಡ್ಡಿ ಜೋನ್ಸ್ ಅವರನ್ನು ಕರೆತಂದಿತು. 2027ರವರೆಗೂ ಒಪ್ಪಂದ. ಜೋನ್ಸ್ ಸಣ್ಣ ಹೆಸರಲ್ಲ. 2003ರಲ್ಲಿ ಆಸ್ಟ್ರೇಲಿಯಾವನ್ನು, 2019ರಲ್ಲಿ ಇಂಗ್ಲೆಂಡನ್ನು ವಿಶ್ವಕಪ್ ಫೈನಲ್‌ಗೆ ತಲುಪಿಸಿದವರು. ಅಭಿಮಾನಿಗಳು ಕುಣಿದಾಡಿದರು.

ಆದರೆ ವಿಶ್ವಕಪ್‌ಗೆ ಉಳಿದಿದ್ದು ಬರೀ ಎಂಟು ತಿಂಗಳು. ಅದಕ್ಕೆ ಮುಂಚೆ ಸಿಕ್ಕಿದ ಟೆಸ್ಟ್ ಪಂದ್ಯ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯಕ್ಕೆ ಹಾಗನ್ನುತ್ತಾರೆ) ಐದು. ಐದನ್ನೂ ಸೋತರು. ಮೈಕಲ್ ಹೂಪರ್, ಕ್ವೇಡ್ ಕೂಪರ್ ಥರದ ಅನುಭವಿಗಳನ್ನು ಮನೆಯಲ್ಲೇ ಬಿಟ್ಟು ಎಳೆಯರ ತಂಡ ಕಟ್ಟಿಕೊಂಡು ಫ್ರಾನ್ಸ್‌ಗೆ ಹೋದರು. ಅಲ್ಲಿ ಫಿಜಿ ಎದುರು 22-15ರಿಂದ ಸೋಲು. ವೇಲ್ಸ್ ಎದುರು 40-6ರ ಹೀನಾಯ ಸೋಲು. ಎರಡು ಸಲ ವಿಶ್ವಕಪ್ ಗೆದ್ದ ದೇಶ ಇತಿಹಾಸದಲ್ಲೇ ಮೊದಲ ಸಲ ಗುಂಪು ಹಂತದಲ್ಲೇ ಹೊರಬಿತ್ತು. ಒಟ್ಟು ಒಂಬತ್ತು ಪಂದ್ಯ, ಎರಡು ಗೆಲುವು. ಆ ಗೆಲುವು ಸಿಕ್ಕಿದ್ದೂ ಜಾರ್ಜಿಯಾ ಮತ್ತು ಪೋರ್ಚುಗಲ್ ಎದುರು. ಅಕ್ಟೋಬರ್ ಕೊನೆಗೆ ಜೋನ್ಸ್ ರಾಜೀನಾಮೆ ಕೊಟ್ಟರು. ವರ್ಷ ಮುಗಿಯುವ ಮೊದಲೇ ಜಪಾನ್ ತಂಡದ ಕೋಚ್ ಆಗಿದ್ದರು. ಅವರನ್ನು ಕರೆತಂದ ರಗ್ಬಿ ಆಸ್ಟ್ರೇಲಿಯಾ ಮಂಡಳಿಯ ಅಧ್ಯಕ್ಷ ಹೇಮಿಷ್ ಮೆಕ್‌ಲೆನನ್ ಕೂಡ ಕುರ್ಚಿ ಬಿಡಬೇಕಾಯಿತು.

ಈ ಏಟಿನಿಂದ ಮಂಡಳಿ ಒಂದು ಪಾಠ ಕಲಿಯಿತು, ಅಭಿಮಾನಿಗಳು ಇನ್ನೊಂದು. ಮಂಡಳಿ ಕಲಿತದ್ದು: ಏನೇ ಬದಲಾವಣೆ ಇದ್ದರೂ ಮುಂಚೆಯೇ ಹೇಳಿಬಿಡಬೇಕು, ಇದ್ದಕ್ಕಿದ್ದಂತೆ ಮಾಡಬಾರದು. ಅಭಿಮಾನಿಗಳು ಕಲಿತದ್ದು: ವಿಶ್ವಕಪ್ ಹತ್ತಿರ ಬಂದಾಗ ಕೋಚ್ ಬದಲಾಯಿಸಲೇಬಾರದು. ಮೇಲುನೋಟಕ್ಕೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಈಗಿನ ಜಗಳ ಹುಟ್ಟಿದ್ದೇ ಈ ಎರಡರ ನಡುವೆ. ಕಿಸ್ ನೇಮಕ ಮಂಡಳಿಯ ಪಾಠಕ್ಕೆ ಸರಿಹೊಂದುತ್ತದೆ, ಅಭಿಮಾನಿಗಳ ಪಾಠಕ್ಕೆ ಹೊಂದುವುದಿಲ್ಲ.

ಶ್ಮಿಟ್ ಯಾಕೆ ಉಳಿಯಲಿಲ್ಲ?

ಉತ್ತರ ಸರಳ. ಅವರಿಗೇ ಬೇಡವಾಗಿತ್ತು. ನ್ಯೂಜಿಲೆಂಡ್‌ನವರಾದ ಶ್ಮಿಟ್ 2024ರ ಜನವರಿಯಲ್ಲಿ ಬಂದಾಗಲೇ ಬ್ರಿಟಿಷ್ ಅಂಡ್ ಐರಿಷ್ ಲಯನ್ಸ್ ಸರಣಿಯವರೆಗೆ ಮಾತ್ರ ಎಂದಿದ್ದರು. ಹನ್ನೆರಡು ವರ್ಷಕ್ಕೊಮ್ಮೆ ಆಸ್ಟ್ರೇಲಿಯಾಕ್ಕೆ ಬರುವ ತಂಡ ಅದು. ಆಮೇಲೆ 2025ರ ಅಕ್ಟೋಬರ್‌ವರೆಗೆ ಅಂದರು. ಕುಟುಂಬಕ್ಕೆ ಸಮಯ ಕೊಡಬೇಕು ಅನ್ನುವುದು ಅವರ ಕಾರಣ. ಕಿಸ್ ಆಯ್ಕೆಯಾದಾಗ ಅವರಿಗೆ ಸೂಪರ್ ರಗ್ಬಿ ಕ್ಲಬ್ ಟೂರ್ನಿಯಲ್ಲಿ ಆಡುವ ಕ್ವೀನ್ಸ್‌ಲೆಂಡ್ ರೆಡ್ಸ್ ತಂಡದ ಕೋಚ್ ಆಗಿ ಒಪ್ಪಂದ ಇತ್ತು. ಅದನ್ನು ಅರ್ಧಕ್ಕೆ ಬಿಡಿಸುವುದು ಯಾರಿಗೂ ಇಷ್ಟವಿರಲಿಲ್ಲ. ನಡುವಿನ ತಿಂಗಳುಗಳನ್ನು ತುಂಬಲು ಶ್ಮಿಟ್ ಇನ್ನೂ ಸ್ವಲ್ಪ ಕಾಲ ಉಳಿಯಲು ಒಪ್ಪಿದರು. ಅಂದರೆ ಇದು ಯಾರೋ ಕೂತು ಹೆಣೆದ ಜಾಣ ಯೋಜನೆ ಏನಲ್ಲ. ಇಬ್ಬರ ಅನುಕೂಲವನ್ನು ಕೂಡಿಸಿ ಕಳೆದು ಬಂದ ಲೆಕ್ಕ.

ಅಭಿಮಾನಿಗಳಿಗೆ ಶ್ಮಿಟ್ ಮೇಲೆ ಪ್ರೀತಿ ಬೆಳೆದದ್ದು ನಿಧಾನವಾಗಿ. ಮೊದಲ ವರ್ಷದಲ್ಲೇ ಅರ್ಜೆಂಟೀನಾ 67-27ರಿಂದ ಬಡಿದು ಕಳಿಸಿತ್ತು. ನವೆಂಬರ್‌ನಲ್ಲಿ ಲಂಡನ್‌ನ ಟ್ವಿಕನಮ್‌ನಲ್ಲಿ ಇಂಗ್ಲೆಂಡನ್ನು 42-37ರಿಂದ ಸೋಲಿಸಿದಾಗ ಲೆಕ್ಕ ತಿರುಗಿತು. 2025ರಲ್ಲಿ ಲಯನ್ಸ್ ಎದುರಿನ ಸರಣಿ 2-1ರಿಂದ ಕೈತಪ್ಪಿತು, ನಿಜ. ಆದರೆ ಹೇಗೆ ತಪ್ಪಿತು ನೋಡಿ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ 90 ಸಾವಿರ ಜನರ ಮುಂದೆ ಆಸ್ಟ್ರೇಲಿಯಾ ಒಂದು ಹಂತದಲ್ಲಿ 23-5ರಿಂದ ಮುಂದಿತ್ತು. ಕೊನೆಯ ನಿಮಿಷದವರೆಗೂ 26-24. ಅಷ್ಟರಲ್ಲಿ ಲಯನ್ಸ್‌ನ ಹ್ಯೂಗೋ ಕೀನನ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಐದು ಪಾಯಿಂಟ್‌ನ ಟ್ರೈ ಗಳಿಸಿದರು. ಅದಕ್ಕೆ ಸ್ವಲ್ಪ ಮೊದಲು ನೆಲದ ಮೇಲಿದ್ದ ಚೆಂಡಿಗಾಗಿ ಬಗ್ಗಿದ್ದ ಆಸ್ಟ್ರೇಲಿಯಾದ ಕಾರ್ಲೋ ಟಿಟ್ಸಾನೋ ಅವರಿಗೆ ಲಯನ್ಸ್‌ನ ಜ್ಯಾಕ್ ಮಾರ್ಗನ್ ಗುದ್ದಿ ಪಕ್ಕಕ್ಕೆ ಸರಿಸಿದ್ದರು. ಅದು ಸರಿಯೋ ತಪ್ಪೋ ಎಂದು ವಿಡಿಯೋ ನೋಡಿದ ರೆಫರಿ ಟ್ರೈಯನ್ನು ಎತ್ತಿಹಿಡಿದರು. 29-26. ಅಲ್ಲಿಗೆ ಸರಣಿ ಮುಗಿಯಿತು.

ಮೂರನೇ ಪಂದ್ಯವನ್ನು ಸಿಡ್ನಿಯಲ್ಲಿ ಆಸ್ಟ್ರೇಲಿಯಾ 22-12ರಿಂದ ಗೆದ್ದಿತು. ಎರಡು ವಾರಕ್ಕೆ ಜೊಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾ ಎದುರು 0-22ರ ಹಿನ್ನಡೆಯಿಂದ ಎದ್ದು ಸತತ 38 ಪಾಯಿಂಟ್ ಗಳಿಸಿತು. ಆ ಮೈದಾನದಲ್ಲಿ 1963ರ ನಂತರದ ಮೊದಲ ಗೆಲುವು. ಆಗಂತೂ "ಶ್ಮಿಟ್ ಅವರನ್ನು ಕೈಕಾಲು ಹಿಡಿದಾದರೂ ಉಳಿಸಿಕೊಳ್ಳಿ" ಅನ್ನುವ ಕೂಗು ಜೋರಾಯಿತು.

ಆಮೇಲೆ ನವೆಂಬರ್ ಬಂತು. ಇಂಗ್ಲೆಂಡ್, ಇಟಲಿ, ಐರ್ಲೆಂಡ್, ಫ್ರಾನ್ಸ್, ನಾಲ್ಕೂ ಕಡೆ ಸೋಲು. 2025ರಲ್ಲಿ ಆಡಿದ 15 ಟೆಸ್ಟ್‌ಗಳಲ್ಲಿ ಗೆದ್ದಿದ್ದು 5, ಸೋತದ್ದು 10. ಕೂಗು ಸದ್ದಿಲ್ಲದೆ ದಿಕ್ಕು ಬದಲಾಯಿಸಿತು.

ಲೀಗ್‌ನವರು ಇಲ್ಲಿಗೇಕೆ?

ಈಗ ಕಿಸ್ ವಿಷಯಕ್ಕೆ ಬರೋಣ. ಕ್ವೀನ್ಸ್‌ಲೆಂಡ್‌ನ ಬಂಡಬರ್ಗ್‌ನವರು. ಸಿಡ್ನಿಯ ನಾರ್ತ್ ಸಿಡ್ನಿ ಬೇರ್ಸ್ ತಂಡಕ್ಕೆ ವಿಂಗರ್ ಆಗಿ ಆಡಿದರು, ಲೀಗ್‌ನಲ್ಲಿ ದೇಶವನ್ನೂ ಪ್ರತಿನಿಧಿಸಿದರು. ಲೀಗ್‌ನಲ್ಲಿ ತಂಡಕ್ಕೆ 13 ಜನ, ಯೂನಿಯನ್‌ನಲ್ಲಿ 15. ಲೀಗ್‌ನಲ್ಲಿ ಆರು ಸಲ ಟ್ಯಾಕಲ್ ಆದರೆ, ಅಂದರೆ ಚೆಂಡು ಹಿಡಿದವನನ್ನು ತಡೆದು ನಿಲ್ಲಿಸಿದರೆ, ಚೆಂಡು ಎದುರಾಳಿಗೆ. ಯೂನಿಯನ್‌ನಲ್ಲಿ ಅಂಥ ಮಿತಿ ಇಲ್ಲ. ಟ್ಯಾಕಲ್ ಆದಾಗಲೆಲ್ಲ ನೆಲದ ಮೇಲಿನ ಚೆಂಡಿಗೆ ಕಿತ್ತಾಟ ನಡೆಯುತ್ತದೆ. ಎರಡೂ ಬೇರೆ ಬೇರೆ ಆಟವೇ. ಹಾಗಾಗಿ "ಯೂನಿಯನ್ ಟೆಸ್ಟ್ ಆಡದವರು ಯೂನಿಯನ್ ಕೋಚ್ ಆಗೋದಾ?" ಅನ್ನುವ ಪ್ರಶ್ನೆ ಸಹಜ ಅಲ್ವಾ?

ಸಹಜ, ಆದರೆ ಹಳತು. ಯೂನಿಯನ್ ಆಟ 1995ರಲ್ಲಿ ವೃತ್ತಿಪರವಾಯಿತು. ಅದಾದ ಮೇಲೆ ತಂಡಗಳು ಮೊದಲು ಹುಡುಕಿದ್ದೇ ಲೀಗ್‌ನಿಂದ ಬಂದ ಡಿಫೆನ್ಸ್ ಕೋಚ್‌ಗಳನ್ನು. ಮೈದಾನದ ಅಗಲಕ್ಕೂ ಒಂದೇ ಗೆರೆಯಲ್ಲಿ ನಿಂತು, ಒಟ್ಟಿಗೆ ಮುನ್ನುಗ್ಗಿ ತಡೆಯುವ ಕಲೆ ಲೀಗ್‌ನಲ್ಲಿ ಪಳಗಿತ್ತು. 1999ರಲ್ಲಿ ಆಸ್ಟ್ರೇಲಿಯಾ ವಿಶ್ವಕಪ್ ಗೆದ್ದಾಗ ಇಡೀ ಟೂರ್ನಿಯಲ್ಲಿ ಬಿಟ್ಟುಕೊಟ್ಟಿದ್ದು ಒಂದೇ ಒಂದು ಟ್ರೈ. ಆ ಡಿಫೆನ್ಸ್ ಕಟ್ಟಿದ್ದು ಜಾನ್ ಮಗಲ್ಟನ್, ಲೀಗ್ ಆಟಗಾರ. ಲಯನ್ಸ್ ಕೋಚ್ ಆಗಿ ಬಂದು ಸರಣಿ ಗೆದ್ದುಕೊಂಡು ಹೋದ ಆಂಡಿ ಫ್ಯಾರೆಲ್ ಕೂಡ ಲೀಗ್‌ನ ದೊಡ್ಡ ಹೆಸರೇ. ಕಿಸ್ ಬಿಟ್ಟುಹೋದ ಐರ್ಲೆಂಡ್ ಡಿಫೆನ್ಸ್ ಕೋಚ್ ಜಾಗಕ್ಕೆ 2016ರಲ್ಲಿ ಬಂದವರು ಅವರೇ. ಅಂದಮೇಲೆ ಲೀಗ್ ಹಿನ್ನೆಲೆಯ ಆಕ್ಷೇಪಕ್ಕೆ ಜಾಸ್ತಿ ತೂಕವಿಲ್ಲ.

ಕಿಸ್ ತಲೆ ಹೇಗೆ ಓಡುತ್ತದೆ ಎಂದು ತಿಳಿಯಲು ಒಂದು ಪಂದ್ಯ ಸಾಕು. 2011ರ ವಿಶ್ವಕಪ್, ಆಕ್ಲೆಂಡ್‌ನ ಈಡನ್ ಪಾರ್ಕ್. ಐರ್ಲೆಂಡ್ ಎದುರು ಆಸ್ಟ್ರೇಲಿಯಾ. ಸಾಮಾನ್ಯವಾಗಿ ಚೆಂಡು ಹಿಡಿದು ಬರುವವನನ್ನು ಸೊಂಟಕ್ಕೋ ಕಾಲಿಗೋ ಹಿಡಿದು ಕೆಡವುತ್ತಾರೆ. ಕೆಡವಿದರೆ ಚೆಂಡು ಹಿಂದಕ್ಕೆ ಬರುತ್ತದೆ, ದಾಳಿ ಮುಂದುವರಿಯುತ್ತದೆ. ಐರ್ಲೆಂಡ್‌ನವರು ಕೆಡವಲೇ ಇಲ್ಲ. ಇಬ್ಬರು ಮೂವರು ಸೇರಿ ಎದೆಗೆ ಅಪ್ಪಿ, ಚೆಂಡನ್ನು ನೆಲ ಮುಟ್ಟಲು ಬಿಡದೆ ನಿಲ್ಲಿಸಿಕೊಂಡರು. ಆಗ ಅದು ಮಾಲ್ ಆಗುತ್ತದೆ. ಮಾಲ್‌ನಿಂದ ಚೆಂಡು ಹೊರಗೆ ಬಾರದಿದ್ದರೆ ಸ್ಕ್ರಮ್ (ಎರಡೂ ಕಡೆಯವರು ಭುಜ ಕೊಟ್ಟು ತಳ್ಳಾಡಿ ಆಟ ಮತ್ತೆ ಶುರು ಮಾಡುವುದು) ಸಿಗುವುದು ತಡೆದವರಿಗೆ. ಅಂದರೆ ಚೆಂಡು ಕಸಿಯದೆಯೇ ಚೆಂಡು ಕೈಸೇರಿತು. ಒಂದು ಸಲವಂತೂ ಸ್ಟೀಫನ್ ಫೆರಿಸ್, ಆಸ್ಟ್ರೇಲಿಯಾದ ವಿಲ್ ಜೀನಿಯಾ ಅವರನ್ನು ಎತ್ತಿ ಅವರ ಗೋಲಿನ ಕಡೆಗೇ ಹೊತ್ತುಕೊಂಡು ನಡೆದರು. ಒಂದೂ ಟ್ರೈ ಬಾರದ ಆ ಪಂದ್ಯವನ್ನು ಐರ್ಲೆಂಡ್ 15-6ರಿಂದ ಗೆದ್ದಿತು. ಚೋಕ್ ಟ್ಯಾಕಲ್ ಎಂದು ಹೆಸರಾದ ಆ ತಂತ್ರವನ್ನು ಐರ್ಲೆಂಡ್‌ಗೆ ಕಲಿಸಿದವರು ಕಿಸ್. ತನ್ನ ದೇಶವನ್ನೇ ಕಟ್ಟಿಹಾಕಿದ ಮನುಷ್ಯನನ್ನು ಈಗ ಆ ದೇಶ ಕರೆದು ಕೂರಿಸಿಕೊಂಡಿದೆ.

ಐರ್ಲೆಂಡ್‌ನಲ್ಲಿ ಅವರು 2009ರ ಗ್ರ್ಯಾಂಡ್ ಸ್ಲಾಮ್ ಕಂಡರು, ಅಂದರೆ ಯುರೋಪಿನ ಆರು ದೇಶಗಳ ಸಿಕ್ಸ್ ನೇಷನ್ಸ್ ಟೂರ್ನಿಯ ಎಲ್ಲ ಪಂದ್ಯಗಳ ಗೆಲುವು. 2013ರಿಂದ ಶ್ಮಿಟ್ ಕೈಕೆಳಗೇ ದುಡಿದು 2014, 2015ರ ಸಿಕ್ಸ್ ನೇಷನ್ಸ್ ಗೆಲುವಿನಲ್ಲಿ ಪಾಲು ಪಡೆದರು. ಅಂದರೆ ಇಬ್ಬರು ಕೋಚ್‌ಗಳೂ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲರು. ಅಧಿಕಾರ ಕೈಬದಲಾಗುವಾಗ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಅನುಮಾನಕ್ಕೂ ಕಾರಣ ಇದೆ

ಮುಖ್ಯಸ್ಥರಾಗಿ ಕಿಸ್ ಅವರ ಲೆಕ್ಕ ಇಷ್ಟು ಹೊಳೆಯುವುದಿಲ್ಲ. ಐರ್ಲೆಂಡ್‌ನ ಅಲ್‌ಸ್ಟರ್ ಕ್ಲಬ್‌ನ ಹೊಣೆ ಹೊತ್ತು, ಫಲಿತಾಂಶ ಬಾರದೆ 2018ರ ಜನವರಿಯಲ್ಲಿ ಋತುವಿನ ನಡುವೆಯೇ ಹೊರಬಂದರು. ಲಂಡನ್ ಐರಿಷ್‌ನಲ್ಲಿ ಚೆನ್ನಾಗಿ ಕಟ್ಟಿದರು, 2022-23ರಲ್ಲಿ ತಂಡ ಐದನೇ ಸ್ಥಾನಕ್ಕೆ ಬಂತು. ಆದರೆ ಆ ಕ್ಲಬ್ ಹಣವಿಲ್ಲದೆ 2023ರ ಜೂನ್‌ನಲ್ಲಿ ಇಂಗ್ಲೆಂಡ್‌ನ ಕ್ಲಬ್ ಟೂರ್ನಿಯಿಂದಲೇ ಹೊರಬಿತ್ತು. 2024ರಿಂದ ರೆಡ್ಸ್. ಅಲ್ಲಿ 2024, 2025 ಎರಡೂ ವರ್ಷ ಕ್ವಾರ್ಟರ್ ಫೈನಲ್‌ಗೆ ಹೋಗಿ ನ್ಯೂಜಿಲೆಂಡ್ ತಂಡಗಳ ಎದುರು ಸೋಲು.

ಇದಕ್ಕೇ ಕ್ಯಾನ್‌ಬೆರಾದ ಬ್ರಂಬೀಸ್ ತಂಡದ ಅಭಿಮಾನಿಗಳು ತಮ್ಮ ಕೋಚ್ ಹೆಸರು ಹಿಡಿದು "ನಮ್ಮ ಸ್ಟೀಫನ್ ಲಾರ್ಕಮ್ ಯಾಕಲ್ಲ?" ಅನ್ನುವುದು. ಪ್ರಶ್ನೆಯಲ್ಲಿ ಹುರುಳಿದೆ. 2023, 2024, 2025, ಮೂರೂ ವರ್ಷ ಅವರ ತಂಡ ಸೆಮಿಫೈನಲ್ ತಲುಪಿತ್ತು. ಜೊತೆಗೆ ಆಟಗಾರರಾಗಿದ್ದಾಗ ಅವರು 1999ರ ವಿಶ್ವಕಪ್ ಸೆಮಿಫೈನಲ್‌ನ ಹೆಚ್ಚುವರಿ ಸಮಯದಲ್ಲಿ ದೂರದಿಂದ ಡ್ರಾಪ್ ಗೋಲ್ ಹೊಡೆದು ದಕ್ಷಿಣ ಆಫ್ರಿಕಾವನ್ನು ಮನೆಗೆ ಕಳಿಸಿದ ನೆನಪು ಜನರಲ್ಲಿ ಇನ್ನೂ ಇದೆ. ಇನ್ನೊಂದು ಕಡೆ, ಆ ಸೆಮಿಫೈನಲ್‌ಗಳನ್ನು ದಾಟಲು ಆಗಲಿಲ್ಲ ಅನ್ನುವುದೂ ನಿಜ. ನ್ಯೂ ಸೌತ್ ವೇಲ್ಸ್‌ನವರಿಗೆ ಬೇರೆಯದೇ ಗುಮಾನಿ. ಕ್ವೀನ್ಸ್‌ಲೆಂಡ್‌ನ ಕೋಚ್ ಬಂದರೆ ಕ್ವೀನ್ಸ್‌ಲೆಂಡ್ ಹುಡುಗರಿಗೇ ಜಾಗ ಅಂತ. ಈ ಎರಡು ರಾಜ್ಯಗಳ ಜಿದ್ದು ಹಳೆಯದು, ಯಾರೇ ಕೋಚ್ ಆದರೂ ಈ ಮಾತು ಬಂದೇ ಬರುತ್ತದೆ. ಅದನ್ನು ಸುಮ್ನೆ ಪಕ್ಕಕ್ಕಿಡಬಹುದು.

ಕಾಯುವ ಕಾಲದ ಇಕ್ಕಟ್ಟು

ಅಭಿಮಾನಿಗಳ ಸಿಟ್ಟು ಕಿಸ್ ಮೇಲಿದ್ದಂತೆ ಕಂಡರೂ ಅದರ ಬೇರು ಇರುವುದು ವೇಳಾಪಟ್ಟಿಯಲ್ಲಿ. ಕೋಚ್ ಹೋಗುತ್ತಾರೆ ಎಂದು ಎಲ್ಲರಿಗೂ ಗೊತ್ತಿದ್ದಾಗ ಮೂರು ಕಡೆ ಬಿರುಕು ಬೀಳುತ್ತದೆ.

ಸಹಾಯಕ ಕೋಚ್‌ಗಳು ತಮ್ಮ ದಾರಿ ನೋಡಿಕೊಳ್ಳುತ್ತಾರೆ. ಲೈನ್‌ಔಟ್ (ಗೆರೆಯಾಚೆ ಹೋದ ಚೆಂಡನ್ನು ಒಳಗೆ ಎಸೆದು ಆಟ ಶುರು ಮಾಡುವುದು) ನೋಡಿಕೊಳ್ಳುತ್ತಿದ್ದ ಜೆಫ್ ಪಾರ್ಲಿಂಗ್ ಲಯನ್ಸ್ ಸರಣಿ ಮುಗಿದ ಮೇಲೆ ಇಂಗ್ಲೆಂಡ್‌ನ ಲೆಸ್ಟರ್ ಟೈಗರ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು. ಅವರನ್ನು ದೂರುವಂತಿಲ್ಲ, ಮುಂದಿನ ಕೋಚ್ ತನ್ನ ಜನರನ್ನು ಕರೆತಂದರೆ ಗತಿಯೇನು ಎಂದು ಯಾರಾದರೂ ಯೋಚಿಸುತ್ತಾರೆ.

ಇನ್ನೊಂದು, ಹೊಸಬರಿಗೆ ಅವಕಾಶ ಕೊಡುವ ಧೈರ್ಯ. 2027ಕ್ಕೆ ಬೇಕಾಗುವ ಹುಡುಗನನ್ನು ಈಗಲೇ ಆಡಿಸಿ ಒಂದೆರಡು ಪಂದ್ಯ ಸೋತರೂ ಪರವಾಗಿಲ್ಲ ಎಂದು ನಿರ್ಧರಿಸಬೇಕಾದವರು 2027ರಲ್ಲಿ ಇರುವುದೇ ಇಲ್ಲ. ಆಗ ಸಹಜವಾಗಿ ಈ ವಾರ ಗೆಲ್ಲುವ ತಂಡಕ್ಕೇ ಮನಸ್ಸು ವಾಲುತ್ತದೆ.

ಮೂರನೆಯದು ವಿದೇಶದಲ್ಲಿ ಆಡುವವರ ಪ್ರಶ್ನೆ. ಮೊದಲು ದೇಶದೊಳಗಿನ ಕ್ಲಬ್‌ಗೆ ಆಡಿದರೆ ಮಾತ್ರ ವಾಲಬೀಸ್‌ನಲ್ಲಿ ಜಾಗ ಇತ್ತು. 2015ರಲ್ಲಿ ಮ್ಯಾಟ್ ಗಿಟೋ ಅವರಂಥವರಿಗಾಗಿ ಆ ನಿಯಮ ಸಡಿಲವಾಯಿತು, ಮುಂದೆ ಇನ್ನಷ್ಟು ಸಡಿಲವಾಯಿತು. ಶ್ಮಿಟ್ ಕೂಡ ಫ್ರಾನ್ಸ್‌ನಲ್ಲಿ ಆಡುತ್ತಿದ್ದ ವಿಲ್ ಸ್ಕೆಲ್ಟನ್ ಅವರನ್ನು ಬಳಸಿಕೊಂಡರು. ಆದರೆ ವಿದೇಶಿ ಕ್ಲಬ್‌ನ ಒಪ್ಪಂದಕ್ಕೆ ಸಹಿ ಹಾಕುವ ಆಟಗಾರ ಈಗ ಯಾರನ್ನು ಕೇಳಬೇಕು? ಇವತ್ತಿನ ಕೋಚ್ ಮಾತು ಕೊಟ್ಟರೂ ಅದು ಮುಂದಿನವರನ್ನು ಕಟ್ಟಿಹಾಕುವುದಿಲ್ಲ.

ಇಷ್ಟೆಲ್ಲ ಇದ್ದರೂ 2023ಕ್ಕೆ ಹೋಲಿಸಿದರೆ ಈ ವ್ಯವಸ್ಥೆಯೇ ವಾಸಿ. ಜೋನ್ಸ್‌ಗೆ ಎಂಟು ತಿಂಗಳು, ಐದು ಪಂದ್ಯ ಸಿಕ್ಕಿತ್ತು. ಕಿಸ್‌ಗೆ ಒಂದು ವರ್ಷಕ್ಕೂ ಹೆಚ್ಚು ಕಾಲ, 2026ರ ಉಳಿದರ್ಧದ ಪಂದ್ಯಗಳು, ಆಮೇಲೆ 2027ರ ತಯಾರಿ ಸಿಗುತ್ತದೆ. ಜೋನ್ಸ್ ಇಂಗ್ಲೆಂಡ್‌ನಿಂದ ನೇರ ಬಂದಿಳಿದರು. ಕಿಸ್ 2024ರಿಂದ ಇದೇ ಆಟಗಾರರ ಜೊತೆಯೋ ಎದುರೋ ಪ್ರತಿ ವಾರ ಇದ್ದಾರೆ. ಶ್ಮಿಟ್ ಕ್ಯಾಪ್ಟನ್ ಮಾಡಿದ ಹ್ಯಾರಿ ವಿಲ್ಸನ್ ರೆಡ್ಸ್‌ನವರೇ.

ನವೆಂಬರ್ ಸೋಲಿನ ಬಡ್ಡಿ

ನವೆಂಬರ್‌ನ ನಾಲ್ಕು ಸೋಲನ್ನು ಅಭಿಮಾನಿಗಳು ಮರೆಯಬಹುದು, ರ‍್ಯಾಂಕಿಂಗ್ ಮರೆಯಲಿಲ್ಲ. 2027ರ ವಿಶ್ವಕಪ್‌ನಲ್ಲಿ 24 ತಂಡ, ಆರು ಗುಂಪು. 2025ರ ಡಿಸೆಂಬರ್‌ನಲ್ಲಿ ಗುಂಪು ಹಂಚಿದಾಗ ಮೊದಲ ಆರು ರ‍್ಯಾಂಕಿನವರನ್ನು ಬೇರೆ ಬೇರೆ ಗುಂಪಿಗೆ ಹಾಕಿದರು. ಆಸ್ಟ್ರೇಲಿಯಾ ಏಳನೆಯದು. ಒಂದೇ ಒಂದು ಮೆಟ್ಟಿಲು ಕೆಳಗೆ. ಅದರ ಫಲವಾಗಿ ನ್ಯೂಜಿಲೆಂಡ್ ಇರುವ ಗುಂಪಿಗೇ ಬಿತ್ತು. ಜೊತೆಗೆ ಚಿಲಿ, ಹಾಂಗ್‌ಕಾಂಗ್.

ಇನ್ನೊಮ್ಮೆ ಗುಂಪಿನಲ್ಲೇ ಹೊರಬೀಳುವ ಭಯ ಬೇಡ. ಹೊಸ ಪದ್ಧತಿಯಲ್ಲಿ ಗುಂಪಿನ ಮೊದಲೆರಡು ತಂಡಗಳ ಜೊತೆ ಮೂರನೇ ಸ್ಥಾನದ ನಾಲ್ಕು ತಂಡಗಳೂ ಮುಂದೆ ಹೋಗುತ್ತವೆ. ಆದರೆ ಈ ಎರಡು ದೇಶಗಳ ನಡುವಿನ ಬ್ಲೆಡಿಸ್ಲೊ ಕಪ್ಪನ್ನು 2002ರ ನಂತರ ಒಮ್ಮೆಯೂ ಬಿಟ್ಟುಕೊಡದ ನ್ಯೂಜಿಲೆಂಡ್ ಅನ್ನು ಮೊದಲ ಹಂತದಲ್ಲೇ ಎದುರಿಸುವುದೆಂದರೆ, ಟೂರ್ನಿ ಬಿಸಿ ಏರುವ ಮೊದಲೇ ಮನಸ್ಸಿನ ಮೇಲೆ ಭಾರ ಬೀಳುತ್ತದೆ.

ಹಣದ ಲೆಕ್ಕ

ಕೋಚ್ ಆಯ್ಕೆಯ ಹಿಂದೆ ದುಡ್ಡಿನ ಚಿಂತೆಯೂ ಇದೆ. ರಗ್ಬಿ ಆಸ್ಟ್ರೇಲಿಯಾ 2024ರಲ್ಲಿ 3.68 ಕೋಟಿ ಆಸ್ಟ್ರೇಲಿಯನ್ ಡಾಲರ್ ನಷ್ಟ ತೋರಿಸಿತ್ತು. ಅದೇ ವರ್ಷ ಮೆಲ್ಬರ್ನ್ ರೆಬೆಲ್ಸ್ ತಂಡ ಮುಚ್ಚಿತು. ಈಗ ದೇಶದಲ್ಲಿ ಉಳಿದಿರುವುದು ನಾಲ್ಕೇ ವೃತ್ತಿಪರ ತಂಡ. ಲಯನ್ಸ್ ಸರಣಿಯ ಆದಾಯದಿಂದ ಸ್ವಲ್ಪ ಉಸಿರಾಡುವಂತಾಯಿತು. ವಿಶ್ವಕಪ್ ಅದಕ್ಕಿಂತ ದೊಡ್ಡ ಅವಕಾಶ. ಆಸ್ಟ್ರೇಲಿಯನ್ ಫುಟ್‌ಬಾಲ್ ಮತ್ತು ರಗ್ಬಿ ಲೀಗ್‌ನ ಅಬ್ಬರದಲ್ಲಿ ಯೂನಿಯನ್ ಮೂಲೆ ಸೇರಿದೆ. ಲೀಗ್‌ನಿಂದ ಜೋಸೆಫ್ ಸುವಾಲಿ ಅವರನ್ನು ಭಾರಿ ಹಣ ಕೊಟ್ಟು ತಂದದ್ದೂ ಜನರ ಕಣ್ಣು ಇತ್ತ ತಿರುಗಲಿ ಅಂತಲೇ.

ನಾಲ್ಕೇ ತಂಡ ಅಂದರೆ ಆಯ್ಕೆಗೆ ಸಿಗುವ ಆಟಗಾರರೂ ಕಡಿಮೆ. ಇದು ಎಷ್ಟು ಕಾಡುತ್ತದೆ ಎಂದು ತಿಳಿಯಲು ಹತ್ತನೇ ನಂಬರ್ ಅಂಗಿಯನ್ನು ನೋಡಿದರೆ ಸಾಕು. ಆಟ ನಡೆಸುವ ಫ್ಲೈ ಹಾಫ್‌ನ ಜಾಗ ಅದು. 2023ರಲ್ಲಿ ಜೋನ್ಸ್ ಆ ಜಾಗಕ್ಕೆ ಕಾರ್ಟರ್ ಗಾರ್ಡನ್ ಎಂಬ ಎಳೆಯನನ್ನು ನಂಬಿಕೊಂಡು ಹೋದರು. ವಿಶ್ವಕಪ್ ಪೆಟ್ಟಿನ ನಂತರ ಆತ ಲೀಗ್‌ಗೆ ಹಾರಿ, ಆಮೇಲೆ ರೆಡ್ಸ್‌ಗೆ ಮರಳಿದ. 2025ರಲ್ಲಿ ಶ್ಮಿಟ್ ಅದೇ ಅಂಗಿಯನ್ನು ಗಾಯ, ಫಾರ್ಮ್ ಎಂದು ನೋಯಾ ಲೋಲೆಸಿಯೊ, ಟಾಮ್ ಲಿನಾ, ಜೇಮ್ಸ್ ಓಕಾನರ್ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಲೇ ಇದ್ದರು. ಡಿಫೆನ್ಸ್ ಎಷ್ಟೇ ಗಟ್ಟಿಯಾಗಿದ್ದರೂ ಈ ಒಂದು ಜಾಗ ಖಾಲಿ ಇದ್ದರೆ ಗೆಲ್ಲುವುದು ಕಷ್ಟ. ಲಾರ್ಕಮ್ ಬಂದಿದ್ದರೂ ಶ್ಮಿಟ್ ಉಳಿದಿದ್ದರೂ ಈ ಸಮಸ್ಯೆ ಇಲ್ಲೇ ಇರುತ್ತಿತ್ತು.

ಹಾಗಾಗಿ ಕಿಸ್ ಅವರ ಮೊದಲ ತಂಡ ಪ್ರಕಟವಾದಾಗ ರಾಜ್ಯವಾರು ಎಣಿಸುವುದಕ್ಕಿಂತ ಹತ್ತನೇ ಅಂಗಿ ಯಾರಿಗೆ, ಅದು ಸತತ ಎಷ್ಟು ಪಂದ್ಯ ಅವರ ಮೈಮೇಲೇ ಉಳಿಯುತ್ತದೆ, ಸಹಾಯಕರಾಗಿ ಯಾರು ಬರುತ್ತಾರೆ, ಡಿಫೆನ್ಸ್ ಹೊಣೆಯನ್ನು ಕಿಸ್ ಬೇರೆಯವರಿಗೆ ಬಿಡುತ್ತಾರಾ ಎಂದು ನೋಡುವುದು ಉಪಯೋಗ. ಅವರ ಒಪ್ಪಂದ 2027ರ ಕೊನೆಯವರೆಗೆ ಮಾತ್ರ, ವಿಶ್ವಕಪ್ ಫೈನಲ್ ಅದೇ ವರ್ಷದ ನವೆಂಬರ್ 13ಕ್ಕೆ. ಇದ್ದಕ್ಕಿದ್ದಂತೆ ಬದಲಾಯಿಸಬಾರದು ಎಂಬ ಪಾಠವನ್ನು ಮಂಡಳಿ ನಿಜಕ್ಕೂ ಕಲಿತಿದ್ದರೆ, ಕಿಸ್ ಕೆಲಸ ಶುರು ಮಾಡಿ ಕೆಲವೇ ತಿಂಗಳಿಗೆ ಅವರ ನಂತರದ ಕೋಚ್ ಯಾರೆಂಬ ಮಾತುಕತೆಯನ್ನೂ ಶುರು ಮಾಡಬೇಕಾಗುತ್ತದೆ.